ಮೊದಲ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಕಡಿಮೆ ದುಡ್ಡಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕು, ಯಾವ ಪಾರ್ಟ್ ತಗೊಳ್ಳಲಿ? ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಬೆಲೆ ಬರೆಯುವುದಿಲ್ಲ, ಇವತ್ತು ಬರೆದ ಬೆಲೆ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಸುಳ್ಳಾಗಿರುತ್ತದೆ. ಒಟ್ಟು ದುಡ್ಡಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ಹೇಳುತ್ತೇನೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರಶ್ನೆ: ಸರ್, ನನ್ನ ಲಿಸ್ಟ್ ನೋಡಿ. ಕೋರ್ ಐ7-12700ಕೆ ಪ್ರೊಸೆಸರ್, ಝಡ್690 ಮದರ್‌ಬೋರ್ಡ್, ಲೈಟ್ ಇರುವ 32 ಜಿಬಿ ರ್ಯಾಮ್, ಲಿಕ್ವಿಡ್ ಕೂಲರ್, ಗಾಜಿನ ಕ್ಯಾಬಿನೆಟ್. ಉಳಿದ ದುಡ್ಡಲ್ಲಿ ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ. ಗೇಮ್ ಚೆನ್ನಾಗಿ ಓಡುತ್ತದಾ?

ಉತ್ತರ: ಓಡುತ್ತದೆ. ಆದರೆ ಇಷ್ಟೇ ದುಡ್ಡಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಓಡುವ ಪಿಸಿ ಮಾಡಬಹುದು. ‘ಉಳಿದ ದುಡ್ಡಲ್ಲಿ’ ಕಾರ್ಡ್ ಅಂತ ಬರೆದಿದ್ದೀರಲ್ಲ, ಎಡವಟ್ಟು ಆಗಿರುವುದು ಅಲ್ಲೇ. ಗೇಮಿಂಗ್ ಪಿಸಿಯಲ್ಲಿ ಮೊದಲು ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಗೊತ್ತಾಗಬೇಕು, ಮಿಕ್ಕಿದ್ದೆಲ್ಲ ಅದರ ಹಿಂದೆ ಬರಬೇಕು. ಕಾರ್ಡಿಗಿಂತ ಮೊದಲು ಗೊತ್ತಾಗಬೇಕಾದದ್ದು ಮಾನಿಟರ್. ಬಂದ ಪತ್ರಗಳಲ್ಲಿ ಪ್ರೊಸೆಸರ್ ಹೆಸರು ಎಲ್ಲದರಲ್ಲೂ ಇದೆ. ಮಾನಿಟರ್ ಯಾವುದು ಅಂತ ಬರೆದವರು ತುಂಬಾ ಕಡಿಮೆ.

ಮಾನಿಟರ್‌ಗೆ ಯಾಕೆ ಇಷ್ಟು ಮಹತ್ವ ಅಂದರೆ, ಕಾರ್ಡ್ ಎಷ್ಟು ದುಡಿಯಬೇಕು ಅಂತ ತೀರ್ಮಾನ ಮಾಡುವುದೇ ಅದು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿ ಯಲ್ಲಿ ಸುಮಾರು 36.9 ಲಕ್ಷ, 4ಕೆ ಯಲ್ಲಿ ಸುಮಾರು 83 ಲಕ್ಷ, ಅಂದರೆ 1080ಪಿ ಯ ಸರಿಯಾಗಿ ನಾಲ್ಕು ಪಟ್ಟು. ಒಂದೊಂದು ಚಿತ್ರಕ್ಕೂ ಇವನ್ನೆಲ್ಲ ಕಾರ್ಡ್ ಬಣ್ಣ ತುಂಬಬೇಕು. ಇನ್ನೊಂದು ಲೆಕ್ಕ, ಪರದೆ ಸೆಕೆಂಡಿಗೆ ಎಷ್ಟು ಚಿತ್ರ ಬದಲಾಯಿಸುತ್ತದೆ ಅನ್ನುವ ಹರ್ಟ್ಸ್‌ನದ್ದು. 60 ಹರ್ಟ್ಸ್ ಪರದೆಗೆ ಒಂದು ಚಿತ್ರ ತಯಾರಾಗಲು 16.7 ಮಿಲಿಸೆಕೆಂಡ್ ಸಮಯ ಇದೆ, 144 ಹರ್ಟ್ಸ್‌ಗೆ ಬರೀ 6.9. ಪಿಕ್ಸೆಲ್ ಜಾಸ್ತಿಯಾದರೆ ಭಾರ ಬೀಳುವುದು ಕಾರ್ಡಿನ ಮೇಲೆ, ಪ್ರೊಸೆಸರ್‌ಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಹರ್ಟ್ಸ್ ಜಾಸ್ತಿಯಾದರೆ ಇಬ್ಬರೂ ಓಡಬೇಕು. ಆದ್ದರಿಂದ 60 ಹರ್ಟ್ಸ್ ಪರದೆಯಲ್ಲಿ ದೊಡ್ಡ ದೊಡ್ಡ ಕಥೆ ಗೇಮ್ ಆಡುವವರು ಕಣ್ಣು ಮುಚ್ಚಿ ಕಾರ್ಡಿಗೆ ದುಡ್ಡು ಹಾಕಬಹುದು. ವಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಶೂಟಿಂಗ್ ಗೇಮ್‌ಗಳನ್ನು 144 ಅಥವಾ ಅದಕ್ಕಿಂತ ಹೆಚ್ಚಿನ ಹರ್ಟ್ಸ್‌ನಲ್ಲಿ ಆಡುವವರು ಮಾತ್ರ ಪ್ರೊಸೆಸರ್ ಕಡೆ ಸ್ವಲ್ಪ ಜಾಸ್ತಿ ವಾಲಬೇಕು.

ನನ್ನ ಪಾಲು ಹೀಗೆ. ಮಾನಿಟರ್ ಬಿಟ್ಟು ಉಳಿದ ದುಡ್ಡು ನೂರು ಅಂತ ಇಟ್ಟುಕೊಳ್ಳಿ. ಕಾರ್ಡಿಗೆ 40ರಿಂದ 45, ಪ್ರೊಸೆಸರ್‌ಗೆ 15ರ ಆಸುಪಾಸು, ಬೋರ್ಡಿಗೆ 10 ಚಿಲ್ಲರೆ, ರ್ಯಾಮ್ ಮತ್ತು ಎಸ್‌ಎಸ್‌ಡಿ (ಗೇಮ್ ಫೈಲ್ ಇಡುವ ಡಿಸ್ಕ್) ಸೇರಿ 16, ಪವರ್ ಸಪ್ಲೈಗೆ 8, ಕೊನೆಗೆ ಏನು ಉಳಿಯುತ್ತದೋ ಅದು ಕ್ಯಾಬಿನೆಟ್‌ಗೆ. ಇದು ಶಾಸನ ಏನಲ್ಲ. ರ್ಯಾಮ್ ಬೆಲೆ ಏರಿದ ತಿಂಗಳಲ್ಲಿ ಕೈ ಕಚ್ಚುತ್ತದೆ, ಆಗ ಕಾರ್ಡಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ನಿಮ್ಮ ಲಿಸ್ಟ್‌ಗೆ ಬರೋಣ. ಹೆಸರಿನ ಕೊನೆಯ ‘ಕೆ’ ಅಂದರೆ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸಬಹುದು, ಅಂದರೆ ಓವರ್‌ಕ್ಲಾಕ್ ಮಾಡಬಹುದು ಅಂತ. ಅದಕ್ಕೇ ಝಡ್ ಬೋರ್ಡ್ ಬೇಕಾಯಿತು. 12700ಕೆ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಹಾಗಾಗಿ ಕೂಲರ್‌ನ ಖರ್ಚೂ ಸೇರಿತು. ನೀವು ಓವರ್‌ಕ್ಲಾಕ್ ಮಾಡುತ್ತೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಅದರ ಜಾಗದಲ್ಲಿ ಐ5-12400ಎಫ್ ಹಾಕಿ. ಆರು ಕೋರ್ (ಒಳಗಿನ ಕೆಲಸಗಾರರು), ಹನ್ನೆರಡು ಥ್ರೆಡ್ (ಒಟ್ಟಿಗೆ ಸಾಗುವ ಕೆಲಸಗಳು), ಡಬ್ಬಿಯಲ್ಲೇ ಕೂಲರ್ ಇರುತ್ತದೆ. ಬೋರ್ಡ್ ಬಿ660 ಅಥವಾ ಬಿ760 ಸಾಕು. ರ್ಯಾಮ್ 16 ಜಿಬಿ ಗೆ ಇಳಿಸಿ, ಎರಡು ಸ್ಲಾಟ್ ಖಾಲಿ ಇರುವ ಬೋರ್ಡ್ ತಗೊಂಡರೆ ಮುಂದೆ ಸೇರಿಸಬಹುದು. ಉಳಿಸಿದ್ದೆಲ್ಲ ಕಾರ್ಡಿಗೆ ಸುರಿಯಿರಿ. ಅದೇ ದುಡ್ಡು, ಆದರೆ ಪರದೆಯ ಮೇಲೆ ಕಾಣುವುದು ಬೇರೆಯೇ ಪಿಸಿ.

ಪ್ರಶ್ನೆ: ಬಣ್ಣದ ಲೈಟ್ ಇರುವ ರ್ಯಾಮ್ ಹಾಕಿದರೆ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳು) ಜಾಸ್ತಿ ಬರುತ್ತದಾ?

ಉತ್ತರ: ರೂಮಿನಲ್ಲಿ ಬೆಳಕು ಜಾಸ್ತಿ ಬರುತ್ತದೆ.

ಪ್ರಶ್ನೆ: 1080ಪಿ ಗೆ 8 ಜಿಬಿ ಕಾರ್ಡ್ ಸಾಕಾ, ಇಲ್ಲಾ 12, 16 ಬೇಕಾ? ಒಂದೇ ಹೆಸರಿನ ಕಾರ್ಡುಗಳಲ್ಲಿ ಜಿಬಿ ಮಾತ್ರ ಬೇರೆ ಇರುತ್ತದೆ, ಕಡಿಮೆಯದ್ದು ತಗೊಂಡರೆ ಏನು ನಷ್ಟ?

ಉತ್ತರ: ಎರಡನೇ ಪ್ರಶ್ನೆ ಬಹಳ ಮುಖ್ಯದ್ದು, ಅದನ್ನೇ ಮೊದಲು ನೋಡೋಣ. ಜಿಬಿ ಮಾತ್ರ ಬೇರೆ ಅಂತ ನೀವು ಅಂದುಕೊಂಡಿದ್ದೀರಿ. ಬಹಳ ಸಲ ಹಾಗಿರುವುದಿಲ್ಲ, ಒಳಗಿನ ಚಿಪ್ಪೇ ಕತ್ತರಿಸಿದ್ದು ಇರುತ್ತದೆ. 2016ರ ಜಿಟಿಎಕ್ಸ್ 1060 ನೋಡಿ. 6 ಜಿಬಿ ಯದ್ದರಲ್ಲಿ 1280 ಕೋರ್, 3 ಜಿಬಿ ಯದ್ದರಲ್ಲಿ 1152. ಹೆಸರು ಎರಡಕ್ಕೂ ಒಂದೇ. ಆರ್‌ಟಿಎಕ್ಸ್ 3050 ಕೂಡ ಹಾಗೇ. 8 ಜಿಬಿ ಯದ್ದಕ್ಕೆ 2560 ಕೋರ್, 128 ಬಿಟ್ ಅಗಲದ ಮೆಮೊರಿ ದಾರಿ. 6 ಜಿಬಿ ಯದ್ದಕ್ಕೆ 2304 ಕೋರ್, 96 ಬಿಟ್. ಆರ್‌ಎಕ್ಸ್ 580 ಅಂತ ಮಾರುವುದರಲ್ಲಿ ‘2048ಎಸ್‌ಪಿ’ ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ ಅದು ಹೆಚ್ಚು ಕಡಿಮೆ ಆರ್‌ಎಕ್ಸ್ 570, ನಿಜವಾದ 580ರಲ್ಲಿ 2304 ಕೋರ್ ಇರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಜಿಟಿ 1030. ಜಿಡಿಡಿಆರ್5 ಮೆಮೊರಿ ಇದ್ದ ಕಾರ್ಡಿನ ಹೆಸರಲ್ಲೇ 2018ರಲ್ಲಿ ಡಿಡಿಆರ್4 ಹಾಕಿದ ಕಾರ್ಡ್ ಬಂತು, ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ ಇದ್ದದ್ದು 17ರ ಹತ್ತಿರಕ್ಕೆ ಬಿತ್ತು. ಡಬ್ಬಿಯ ಮೇಲಿನ ಹೆಸರು ಮಾತ್ರ ನೋಡಿ ತಗೊಂಡವರಿಗೆ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಉಲ್ಟಾ, ಆರ್‌ಟಿಎಕ್ಸ್ 4060 ಟಿಐ ಯ 8 ಮತ್ತು 16 ಜಿಬಿ ಕಾರ್ಡುಗಳಲ್ಲಿ ಚಿಪ್ ಒಂದೇ, ಮೆಮೊರಿ ಮಾತ್ರ ಬೇರೆ. ಆರ್‌ಎಕ್ಸ್ 9060 ಎಕ್ಸ್‌ಟಿ ಯಲ್ಲೂ ಹಾಗೇ. ಆದ್ದರಿಂದ ತಗೊಳ್ಳುವ ಮುಂಚೆ ಕೋರ್ ಎಷ್ಟು, ಮೆಮೊರಿ ಎಷ್ಟು ಬಿಟ್ ಅಂತ ಕಂಪನಿಯ ಪುಟದಲ್ಲೇ ನೋಡಿ, ಡಬ್ಬಿಯ ಮೇಲಿನ ದಪ್ಪ ಅಕ್ಷರ ನಂಬಬೇಡಿ.

ಈಗ ಎಷ್ಟು ಜಿಬಿ ಅನ್ನುವುದು. ಕಾರ್ಡಿನ ಮೆಮೊರಿ ತುಂಬಿದರೆ ಗೇಮ್ ನಿಂತು ಹೋಗುವುದಿಲ್ಲ. ಹೆಚ್ಚಾದದ್ದು ಬೋರ್ಡಿನ ರ್ಯಾಮ್‌ಗೆ ಹೋಗುತ್ತದೆ, ಬೇಕಾದಾಗ ಅಲ್ಲಿಂದ ಬೋರ್ಡನ್ನೂ ಕಾರ್ಡನ್ನೂ ಜೋಡಿಸುವ ಪಿಸಿಐಇ ದಾರಿಯಲ್ಲಿ ವಾಪಸ್ ಬರಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗೆ ಹೋಲಿಸಿದರೆ ತೀರಾ ನಿಧಾನ. ಆಗ ಸರಾಸರಿ ಎಫ್‌ಪಿಎಸ್ ಚೆನ್ನಾಗೇ ಕಾಣುತ್ತಿರುತ್ತದೆ, ಆದರೆ ತಿರುವಿನಲ್ಲಿ, ಹೊಸ ಜಾಗಕ್ಕೆ ಹೋದಾಗ ತಟಕ್ಕನೆ ತಡೆದು ತಡೆದು ಓಡುತ್ತದೆ. ಕೆಲವು ಗೇಮ್ ತಡೆಯುವುದಿಲ್ಲ, ಗೋಡೆ ನೆಲದ ಚಿತ್ರಗಳನ್ನೇ ಮಂಕು ಮಾಡಿಬಿಡುತ್ತವೆ. ಅಗ್ಗದ ಕಾರ್ಡುಗಳಲ್ಲಿ ಇನ್ನೊಂದು ತೊಂದರೆ ಇದೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಇವೆಲ್ಲ ಆ ದಾರಿಯ 16 ಲೇನ್ ಬದಲು 8 ಲೇನ್ ಮಾತ್ರ ಬಳಸುತ್ತವೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಅಂತೂ 4 ಲೇನ್, ಮೆಮೊರಿಯೂ 4 ಜಿಬಿ. ಅದನ್ನು ಪಿಸಿಐಇ 3.0 ಇರುವ ಹಳೇ ಬೋರ್ಡಿಗೆ ಹಾಕಿದರೆ ಚೆನ್ನಾಗಿ ಕುಂಟುತ್ತದೆ. ಹಳೇ ಬೋರ್ಡ್ ಇರುವವರೇ ಅಂಥ ಅಗ್ಗದ ಕಾರ್ಡ್ ಹುಡುಕುವುದು, ಅದೊಂದು ವಿಪರ್ಯಾಸ.

ವಾಲೊರಂಟ್, ಕೌಂಟರ್-ಸ್ಟ್ರೈಕ್, ಜಿಟಿಎ 5, ಹಳೆಯ ಗೇಮ್‌ಗಳು ಇಷ್ಟಕ್ಕೆ 8 ಜಿಬಿ ಧಾರಾಳ. ಹೊಸದಾಗಿ ಬರುವ ದೊಡ್ಡ ಗೇಮ್‌ಗಳನ್ನು ಹೈ ಸೆಟ್ಟಿಂಗ್‌ನಲ್ಲಿ ಆಡಬೇಕು, ಪಿಸಿ ನಾಲ್ಕು ವರ್ಷ ಬರಬೇಕು ಅಂದರೆ 12 ಅಥವಾ 16ಕ್ಕೆ ಹೋಗಿ. ಇಂಟೆಲ್‌ನ ಆರ್ಕ್ ಬಿ580 ಈ ಕಾರಣಕ್ಕೇ ಒಳ್ಳೆಯ ಆಯ್ಕೆ, 12 ಜಿಬಿ ಇದೆ. ಆದರೆ ಅದಕ್ಕೆ ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಮುಟ್ಟಲು ಪ್ರೊಸೆಸರ್‌ಗೆ ಬಿಡುವ ಸೌಲಭ್ಯ) ಆನ್ ಇರಲೇಬೇಕು, ಹಳೇ ಪ್ರೊಸೆಸರ್ ಜೊತೆ ಈ ಕಾರ್ಡ್ ಅಷ್ಟಾಗಿ ಹೊಂದುವುದಿಲ್ಲ. 4 ಜಿಬಿ ಯ ಹೊಸ ಕಾರ್ಡಿಗೆ ದುಡ್ಡು ಕೊಡಲೇಬೇಡಿ. ಜಿಟಿಎಕ್ಸ್ 16 ಸರಣಿ ನೋಡುತ್ತಿರುವವರಿಗೆ ಒಂದು ಮಾತು: 2024ರ ಇಂಡಿಯಾನಾ ಜೋನ್ಸ್ ಗೇಮ್, 2025ರ ಡೂಮ್ ದಿ ಡಾರ್ಕ್ ಏಜಸ್ ಇವಕ್ಕೆ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕುವ ವಿಧಾನ) ಇರುವ ಕಾರ್ಡೇ ಬೇಕು ಅಂತ ತಯಾರಕರೇ ಹೇಳಿದ್ದಾರೆ, ಈ ಸರಣಿಯಲ್ಲಿ ಅದಿಲ್ಲ. ಸೆಟ್ಟಿಂಗ್ ಇಳಿಸಿ ಆಡೋಣ ಅನ್ನುವ ದಾರಿ ಅಲ್ಲಿ ಇಲ್ಲ.

ಇನ್ನು ಕಂಪನಿಗಳು ತೋರಿಸುವ ದೊಡ್ಡ ದೊಡ್ಡ ಗ್ರಾಫ್‌ಗಳು. ಅದರಲ್ಲಿ ಫ್ರೇಮ್ ಜನರೇಷನ್ ಸೇರಿದೆಯಾ ಅಂತ ಕೆಳಗಿನ ಸಣ್ಣ ಸಾಲು ಓದಿ. ಅದು ಎರಡು ನಿಜವಾದ ಚಿತ್ರಗಳ ಮಧ್ಯೆ ತಾನೇ ಒಂದು ಅಥವಾ ಹೆಚ್ಚು ಚಿತ್ರ ಸೇರಿಸುತ್ತದೆ. ನೋಡಲು ನಯವಾಗಿರುತ್ತದೆ, ಆದರೆ ನಿಮ್ಮ ಮೌಸ್‌ಗೆ ಗೇಮ್ ಸ್ಪಂದಿಸುವುದು ನಿಜವಾದ ಚಿತ್ರಗಳ ವೇಗದಲ್ಲೇ. 30 ಎಫ್‌ಪಿಎಸ್ ಓಡುವ ಕಾರ್ಡನ್ನು ಅದು ಉದ್ಧಾರ ಮಾಡುವುದಿಲ್ಲ.

ಪ್ರಶ್ನೆ: ಹಳೆಯ ಸರ್ವರ್‌ನ ಕ್ಸಿಯಾನ್ ಪ್ರೊಸೆಸರ್, ಎಕ್ಸ್99 ಬೋರ್ಡ್, ರ್ಯಾಮ್ ಮೂರೂ ಸೇರಿ ಕಿಟ್ ಅಗ್ಗಕ್ಕೆ ಸಿಗುತ್ತಿದೆ. 14 ಕೋರ್, 28 ಥ್ರೆಡ್! ಹೊಸ ಐ3 ಯಲ್ಲಿ ನಾಲ್ಕೇ ಕೋರ್. ಕ್ಸಿಯಾನ್ ತಗೊಳ್ಳೋದೇ ಜಾಣತನ ಅಲ್ವಾ?

ಉತ್ತರ: ವಿಡಿಯೊ ರೆಂಡರ್ ಮಾಡುವವರಿಗೆ ಇರಬಹುದು. ಗೇಮಿಗೆ ಅಲ್ಲ. ಗೇಮ್‌ನ ಕೆಲಸವನ್ನು ಬೇಕಾದಷ್ಟು ತುಂಡು ಮಾಡಿ ಹಂಚಲು ಆಗುವುದಿಲ್ಲ, ಒಂದು ಮುಖ್ಯ ಥ್ರೆಡ್ ಮುಗಿಯುವವರೆಗೆ ಉಳಿದವು ಕಾಯುತ್ತಿರುತ್ತವೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟ ಒಬ್ಬನೇ, ಬಡಿಸುವವರು ಹದಿನಾಲ್ಕು ಜನ ಇದ್ದ ಹಾಗೆ. ನೀವು ಹೇಳಿರುವ 14 ಕೋರಿನದ್ದು ಬಹುಶಃ ಇ5-2680 ವಿ4. 2016ರದ್ದು, ಟರ್ಬೊದಲ್ಲೂ 3.3 ಗಿಗಾಹರ್ಟ್ಸ್ ದಾಟುವುದಿಲ್ಲ. ಐ3-12100ಎಫ್ 4.3ರ ತನಕ ಹೋಗುತ್ತದೆ, ಅದರ ಮೇಲೆ ಒಂದೊಂದು ಹರ್ಟ್ಸ್‌ನಲ್ಲೂ ಹಳೆಯದಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಇನ್ನೂ ಒಂದು ತಲೆನೋವು. ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಾಲೊರಂಟ್ ಆಡುವವರಾದರೆ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಪಿಸಿಯ ಭದ್ರತಾ ಭಾಗ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಎರಡನ್ನೂ ಆ ಗೇಮ್ ಕೇಳುತ್ತದೆ. ಅಗ್ಗ ಅಂತ ತಂದು ಆಮೇಲೆ ರಾತ್ರಿಯೆಲ್ಲ ಬಯಾಸ್ ಜೊತೆ ಗುದ್ದಾಡುವುದು ಬೇಕಾ?

ನಾಲ್ಕು ಕೋರ್‌ಗೆ ಇವತ್ತು ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಆರು ಕೋರ್ ನೋಡಿ. ಐ5-12400ಎಫ್, ರೈಜನ್ 5 5600, ಸ್ವಲ್ಪ ಮೇಲೆ ರೈಜನ್ 5 7600. ಬರೀ ಗೇಮಿಗೆ ಅದಕ್ಕಿಂತ ಮೇಲೆ ಹೋಗುವ ಮುಂಚೆ ಆ ದುಡ್ಡಿಗೆ ಕಾರ್ಡ್ ಒಂದು ಮೆಟ್ಟಿಲು ಮೇಲಿನದ್ದು ಬರುತ್ತದಾ ಅಂತ ನೋಡಿಕೊಳ್ಳಿ.

ಪ್ರಶ್ನೆ: ಈಗ ಕಾರ್ಡ್ ತಗೊಳ್ಳುವಷ್ಟು ದುಡ್ಡಿಲ್ಲ. ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಹಾಕಿ, ಆಮೇಲೆ ಕಾರ್ಡ್ ಸೇರಿಸಿದರೆ ಆಗುತ್ತದಾ?

ಉತ್ತರ: ‘ಆಮೇಲೆ’ ಅಂದರೆ ಯಾವಾಗ? ಒಂದೆರಡು ತಿಂಗಳು ಅಂದರೆ ಸುಮ್ನೆ ಕಾಯಿರಿ, ದುಡ್ಡು ಸೇರಿದ ಮೇಲೆ ಎಲ್ಲ ಒಟ್ಟಿಗೆ ತಗೊಳ್ಳಿ. ವರ್ಷ ಆಗುತ್ತದೆ ಅನ್ನುವವರಿಗೆ 5600ಜಿ ಪರವಾಗಿಲ್ಲ. ಹಳೆಯ ಗೇಮ್, ಆನ್‌ಲೈನ್ ಶೂಟರ್‌ಗಳು ಸೆಟ್ಟಿಂಗ್ ಇಳಿಸಿದರೆ ಆಡುವಂತಿರುತ್ತವೆ. ಆದರೆ 5600 ಮತ್ತು 5600ಜಿ ಬರೀ ಒಂದು ಅಕ್ಷರದ ವ್ಯತ್ಯಾಸ ಅಂದುಕೊಳ್ಳಬೇಡಿ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, ‘ಜಿ’ ಯಲ್ಲಿ 16. ಅದರಲ್ಲಿ ಪಿಸಿಐಇ 4.0, ಇದರಲ್ಲಿ 3.0. ಮುಂದೆ ಕಾರ್ಡ್ ಹಾಕಿದಾಗ ‘ಜಿ’ ಹಿಂದೆ ಬೀಳುತ್ತದೆ. ಕಾರ್ಡ್ ಬರುವವರೆಗೆ ಪರದೆಯಲ್ಲಿ ಚಿತ್ರ ಬಂದರೆ ಸಾಕು, ಗೇಮ್ ಬೇಡ ಅನ್ನುವುದಾದರೆ ರೈಜನ್ 5 7600ರಲ್ಲಿ ಅಷ್ಟು ಮಾತ್ರದ ಗ್ರಾಫಿಕ್ಸ್ ಇದೆ. ಇಂಟೆಲ್‌ನಲ್ಲಿ ‘ಎಫ್’ ಅಂತ ಕೊನೆಯಾಗುವುದನ್ನು ಮಾತ್ರ ನೀವು ತಗೊಳ್ಳಬಾರದು, ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಪಿಸಿ ಆನ್ ಆದರೂ ಪರದೆ ಕಪ್ಪು.

ಕಾರ್ಡ್ ಇಲ್ಲದೆ ಓಡಿಸುವವರು ರ್ಯಾಮ್ ಎರಡು ಕಡ್ಡಿ ಹಾಕಲೇಬೇಕು. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: 16 ಜಿಬಿ ಯ ಒಂದೇ ರ್ಯಾಮ್ ಒಳ್ಳೆಯದಾ, 8 ಜಿಬಿ ಯ ಎರಡಾ?

ಉತ್ತರ: ಎರಡು. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಬೇರೆ ಬೇರೆ ಚಾನೆಲ್‌ನಲ್ಲಿ ಇದ್ದರೆ 51.2. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಾಕುವಾಗ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಹಾಕಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ. ಇದನ್ನು ಮಾಡದಿದ್ದರೆ 6000 ಅಂತ ಬರೆದಿರುವ ಡಿಡಿಆರ್5 ರ್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಇನ್ನೊಂದು ಎಚ್ಚರಿಕೆ: ಡಿಡಿಆರ್5ರಲ್ಲಿ ನಾಲ್ಕು ಕಡ್ಡಿ ತುಂಬಿದರೆ ವೇಗ ಇಳಿಸಬೇಕಾಗಿ ಬರುವುದು ಸಾಮಾನ್ಯ. ಹಾಗಾಗಿ ಡಿಡಿಆರ್5 ಹಾಕುವವರು, ಕೈಗೆ ಎಟುಕುವುದಾದರೆ, ಮೊದಲೇ 16ರ ಎರಡು ತಗೊಳ್ಳಿ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಹೊಂದುವುದಿಲ್ಲ, ಕಚ್ಚೇ ಬೇರೆ ಜಾಗದಲ್ಲಿ ಇರುತ್ತದೆ.

ಪ್ರಶ್ನೆ: ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್‌ಗಳಲ್ಲಿ ಎಎಂ4 ಸತ್ತು ಹೋಗಿದೆ, ಎಎಂ5 ತಗೋ ಅಂತ ಗೆಳೆಯ ಹೇಳುತ್ತಾನೆ. ದುಡ್ಡು ಎಎಂ4ಗೆ ಮಾತ್ರ ಸಾಕಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಎಎಂ5 2022ರಲ್ಲಿ ಬಂದದ್ದು, ಅದಕ್ಕೆ ಹೊಸ ಪ್ರೊಸೆಸರ್‌ಗಳು ಬರುತ್ತಿವೆ. 2027 ಮತ್ತು ಆಚೆಗೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ಎಎಂ4ಕ್ಕೆ ಇನ್ನು ಹೊಸ ತಲೆಮಾರು ಇಲ್ಲ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ ಕೂಡ 12, 13, 14ನೇ ತಲೆಮಾರಿಗೆ ಮುಗಿಯಿತು. ಆದರೆ ನೀವು ನಿಜವಾಗಿ ಎರಡು ಮೂರು ವರ್ಷಕ್ಕೊಮ್ಮೆ ಪ್ರೊಸೆಸರ್ ಬದಲಾಯಿಸುತ್ತೀರಾ? ಬಹಳ ಜನ ಬದಲಾಯಿಸುವುದು ಕಾರ್ಡ್ ಮಾತ್ರ, ಪ್ರೊಸೆಸರ್ ಐದಾರು ವರ್ಷ ಹಾಗೇ ಇರುತ್ತದೆ. ಆಗ ಎಎಂ4ನಲ್ಲಿ ಉಳಿದ ದುಡ್ಡು ಕಾರ್ಡಿಗೆ ಹೋದರೆ ಇವತ್ತಿಂದಲೇ ಲಾಭ. ಇದರಲ್ಲಿ ನಿರ್ಧಾರ ಮಾಡುವುದು ರ್ಯಾಮ್ ಬೆಲೆ. ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ದಾರಿ ಇಲ್ಲ. ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರನ್ನೂ ಸೇರಿಸಿ ಎರಡೂ ಕಡೆ ಮೊತ್ತ ಹಾಕಿ ನೋಡಿ. ವ್ಯತ್ಯಾಸ ಒಟ್ಟು ಬಜೆಟ್‌ನ ನೂರಕ್ಕೆ ಹತ್ತರ ಒಳಗಿದ್ದರೆ ಎಎಂ5, ಅದಕ್ಕಿಂತ ಜಾಸ್ತಿ ಅಂದರೆ ಎಎಂ4 ಅನ್ನುವುದು ನನ್ನ ಲೆಕ್ಕ.

ಎಎಂ4ಗೆ ಹಳೇ ಬಿ450 ಬೋರ್ಡ್ ತಗೊಂಡರೆ ಬಯಾಸ್ ಹೊಸದಾ ಅಂತ ಕೇಳಿ. ಹಳೇ ಬಯಾಸ್‌ನಲ್ಲಿ 5600 ಆನ್ ಆಗುವುದೇ ಇಲ್ಲ. ಬಿ550 ತಗೊಂಡರೆ ಕಾರ್ಡಿಗೆ ಪಿಸಿಐಇ 4.0 ಸಿಗುತ್ತದೆ, ಎ520ನಲ್ಲಿ ಅದಿಲ್ಲ.

ಪ್ರಶ್ನೆ: ಕ್ಯಾಬಿನೆಟ್ ಜೊತೆ 750 ವ್ಯಾಟ್ ಪವರ್ ಸಪ್ಲೈ ಫ್ರೀ ಬರುತ್ತದೆ. 550 ವ್ಯಾಟ್‌ದ್ದನ್ನು ಬೇರೆ ದುಡ್ಡು ಕೊಟ್ಟು ಯಾಕೆ ತಗೊಳ್ಳಬೇಕು?

ಉತ್ತರ: ಫ್ರೀ ಬಂದದ್ದರ ಮೈಮೇಲೆ ಒಂದು ಸ್ಟಿಕರ್ ಇರುತ್ತದೆ, ಅದನ್ನು ಓದಿ. ಅಲ್ಲಿ +12 ವೋಲ್ಟ್ ಅನ್ನುವ ಸಾಲಿನ ಕೆಳಗೆ ಆಂಪ್ಸ್ ಬರೆದಿರುತ್ತಾರೆ. ಅದನ್ನು ಹನ್ನೆರಡರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್‌ನಿಂದಲೇ. 45 ಆಂಪ್ಸ್ ಇದ್ದರೆ 540 ವ್ಯಾಟ್, ಅದು ನಿಜವಾದ 550ರ ಸಪ್ಲೈ. ಮುಂದೆ 750 ಅಂತ ದೊಡ್ಡದಾಗಿ ಬರೆದು ಸ್ಟಿಕರ್‌ನಲ್ಲಿ 30 ಆಂಪ್ಸ್ ಇದ್ದರೆ ಅದು 360 ವ್ಯಾಟ್‌ದ್ದು. ಬಹಳ ಸಲ ಸ್ಟಿಕರ್‌ನಲ್ಲಿ ನಿಜ ಬರೆದೇ ಇರುತ್ತಾರೆ, ಓದುವವರು ಇಲ್ಲ ಅಷ್ಟೇ.

ನಿಮಗೆ 750 ಬೇಕಾಗಿಯೂ ಇಲ್ಲ. ಆರ್‌ಟಿಎಕ್ಸ್ 4060 ಕುಡಿಯುವುದು 115 ವ್ಯಾಟ್, 12400ಎಫ್ ಹೆಚ್ಚೆಂದರೆ 117, ಉಳಿದದ್ದೆಲ್ಲ ಸೇರಿ ಐವತ್ತು ಅರವತ್ತು. ಮುನ್ನೂರರ ಒಳಗೇ ಮುಗಿಯಿತು. ಆದರೂ 550 ಅನ್ನುವುದು ಯಾಕೆ ಅಂದರೆ ಕಾರ್ಡುಗಳು ಒಂದೆರಡು ಮಿಲಿಸೆಕೆಂಡ್ ತಮ್ಮ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತವೆ, ಮುಂದೆ ದೊಡ್ಡ ಕಾರ್ಡ್ ಹಾಕಿದರೂ ಜಾಗ ಇರುತ್ತದೆ. 80 ಪ್ಲಸ್ ಬ್ರಾಂಜ್ ಅಂತ ಬರೆದಿದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಶಾರ್ಟ್ ಆದಾಗ ಕಟ್ ಆಗುತ್ತದಾ, ಒಳಗಿನ ಕೆಪಾಸಿಟರ್ ಎಂಥದ್ದು, ಇದನ್ನೆಲ್ಲ ಅದು ನೋಡುವುದಿಲ್ಲ. ಐದು ವರ್ಷ ಅಥವಾ ಜಾಸ್ತಿ ವಾರಂಟಿ ಕೊಡುವ ಮಾಡೆಲ್ ಹುಡುಕಿ, ಅದನ್ನು ಬಿಚ್ಚಿ ಪರೀಕ್ಷೆ ಮಾಡಿದ ರಿವ್ಯೂ ಇದೆಯಾ ನೋಡಿ. ಕೆಟ್ಟ ರ್ಯಾಮ್ ತಾನು ಮಾತ್ರ ಹೋಗುತ್ತದೆ. ಕೆಟ್ಟ ಸಪ್ಲೈ ಹೋಗುವಾಗ ಕಾರ್ಡನ್ನೋ ಬೋರ್ಡನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಸಪ್ಲೈ ಆದರೆ ಅದರ ಡಬ್ಬಿಯಲ್ಲಿ ಬಂದ ಕೇಬಲ್ ಮಾತ್ರ ಬಳಸಿ. ಬೇರೆಯದರ ಕೇಬಲ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ ಸುಟ್ಟು ಹೋಗುವುದು ಹೀಗೇ.

ಪ್ರಶ್ನೆ: ಬಾಟಲ್‌ನೆಕ್ ಕ್ಯಾಲ್ಕುಲೇಟರ್ (ಯಾವ ಪಾರ್ಟ್ ಉಳಿದದ್ದನ್ನು ತಡೆಯುತ್ತದೆ ಅಂತ ಹೇಳುವಂಥದ್ದು) ಒಂದು ನನ್ನ ಪ್ರೊಸೆಸರ್-ಕಾರ್ಡ್ ಜೋಡಿಗೆ 18 ಪರ್ಸೆಂಟ್ ತೋರಿಸುತ್ತಿದೆ. ಪ್ರೊಸೆಸರ್ ಬದಲಾಯಿಸಲಾ?

ಉತ್ತರ: ಬೇಡ. ಯಾವ ಗೇಮ್, ಯಾವ ಪರದೆ ಅಂತ ಸರಿಯಾಗಿ ಕೇಳದೆ ಪರ್ಸೆಂಟ್ ಹೇಳುವುದಕ್ಕೆ ಅರ್ಥ ಇಲ್ಲ. ಎಲ್ಲ ಪಿಸಿಯಲ್ಲೂ ಏನೋ ಒಂದು ಮೊದಲು ಸುಸ್ತಾಗುತ್ತದೆ. ಗೇಮ್ ಓಡುವಾಗ ಕಾರ್ಡಿನ ಬಳಕೆ 95 ಪರ್ಸೆಂಟ್ ಮೇಲಿದ್ದರೆ ನೀವು ಕೊಟ್ಟ ದುಡ್ಡು ಪೂರ್ತಿ ದುಡಿಯುತ್ತಿದೆ ಅಂತ.

ಪ್ರಶ್ನೆ: ನಾನು ಅಕ್ಕ, ನನಗೆ ಇದೆಲ್ಲ ಅಷ್ಟು ಗೊತ್ತಿಲ್ಲ. ತಮ್ಮನಿಗೆ ಕೊಡಿಸಬೇಕು. ಹಳೆಯ ಆಫೀಸ್ ಕಂಪ್ಯೂಟರ್ ತಂದು ಕಾರ್ಡ್ ಹಾಕಿದರೆ ಸಾಕು ಅಂತಾನೆ. ನಿಜವಾ?

ಉತ್ತರ: ತಮ್ಮ ಹೇಳಿದ್ದು ನಿಜ ಅಕ್ಕಾ, ತೀರಾ ಕಡಿಮೆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಕೆಲವು ವಿಷಯ ನೋಡಿಕೊಳ್ಳಬೇಕು. ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ಮೇಲಿನದ್ದೇ ಇರಲಿ. ವಿಂಡೋಸ್ 11 ಅಲ್ಲಿಂದ ಒಪ್ಪುತ್ತದೆ, ಐ5ಗೆ ಆರು ಕೋರ್ ಬಂದದ್ದೂ ಅಲ್ಲಿಂದಲೇ. ಈ ಆಫೀಸ್ ಪೆಟ್ಟಿಗೆಗಳ ಪವರ್ ಸಪ್ಲೈ ಸಣ್ಣದು, ಕಾರ್ಡಿಗೆ ಕೊಡುವ ಬೇರೆ ಕೇಬಲ್ ಬಹಳಷ್ಟರಲ್ಲಿ ಇರುವುದಿಲ್ಲ, ಪ್ಲಗ್ ಕೂಡ ಕಂಪನಿಯದ್ದೇ ವಿಶೇಷ ಆಕಾರ, ಹಾಗಾಗಿ ಬದಲಾಯಿಸುವುದು ಕಷ್ಟ. ಬೋರ್ಡಿನ ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲೇ ಓಡುವ ಕಾರ್ಡ್ ಬೇಕು. ಮೇಲೆ ನಾನು ಬೈದ ಆರ್‌ಟಿಎಕ್ಸ್ 3050 6 ಜಿಬಿ ಇಲ್ಲಿ ಸರಿಯಾದ ಆಯ್ಕೆ, ಅದು 70 ವ್ಯಾಟ್‌ದ್ದು. ಕಡಿಮೆಗೆ ಬೇಕು ಅಂದರೆ ಕೇಬಲ್ ಬೇಡದ ಜಿಟಿಎಕ್ಸ್ 1650. ಪೆಟ್ಟಿಗೆ ತೆಳ್ಳಗಿದ್ದರೆ ಲೋ ಪ್ರೊಫೈಲ್ (ಗಿಡ್ಡ) ಕಾರ್ಡ್ ಮಾತ್ರ ಹಿಡಿಸುತ್ತದೆ, ಅದು ದುಬಾರಿ. ಹಾಗಾಗಿ ಟವರ್ ಆಕಾರದ್ದನ್ನೇ ಹುಡುಕಲು ತಮ್ಮನಿಗೆ ಹೇಳಿ. ರ್ಯಾಮ್ ಒಂದೇ ಕಡ್ಡಿ ಇದ್ದರೆ ಇನ್ನೊಂದು ಸೇರಿಸಿ. ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ.

ಪ್ರಶ್ನೆ: ಪಿಸಿಐಇ 4.0 ಬಳಸುವ ಜೆನ್4 ಎಸ್‌ಎಸ್‌ಡಿ ಬೇಕೇ ಬೇಕಾ?

ಉತ್ತರ: ಬೇಕಾಗಿಲ್ಲ. ಕೇಬಲ್‌ನಲ್ಲಿ ಜೋಡಿಸುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಬೋರ್ಡಿಗೇ ಕೂರುವ ಜೆನ್3 ಎನ್‌ವಿಎಂಇ 3500, ಜೆನ್4 7000 ಅಂತ ಡಬ್ಬಿಯಲ್ಲಿ ಇರುತ್ತದೆ, ಆದರೆ ಬಹಳಷ್ಟು ಗೇಮ್ ಲೋಡ್ ಆಗುವಾಗ ಕೊನೆಯ ಎರಡರ ಮಧ್ಯೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವೇಗದ ಬದಲು ಜಾಗ ನೋಡಿ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ. 500 ಜಿಬಿ ತಗೊಂಡರೆ ಒಂದು ಗೇಮ್ ಹಾಕಲು ಇನ್ನೊಂದು ತೆಗೆಯುತ್ತಾ ಕೂರಬೇಕು.

ಪ್ರಶ್ನೆ: ನಾನೇ ಜೋಡಿಸಬೇಕು ಅಂತ ಆಸೆ, ಏನಾದರೂ ಹಾಳಾದರೆ ಅಂತ ಭಯ. ಎಲ್ಲಿ ತಪ್ಪಾಗುತ್ತದೆ?

ಉತ್ತರ: ಜೋಡಿಸಿ. ತಪ್ಪಾಗುವ ಜಾಗಗಳು ಕಡಿಮೆ. ಪ್ರೊಸೆಸರ್ ಕೂರಿಸುವಾಗ ಮಾತ್ರ ಉಸಿರು ಬಿಗಿಹಿಡಿಯಿರಿ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗಿರುತ್ತವೆ, ಇಂಟೆಲ್ ಮತ್ತು ಎಎಂ5ನಲ್ಲಿ ಬೋರ್ಡಿನ ಸಾಕೆಟ್ ಒಳಗೆ. ಮೂಲೆಯ ತ್ರಿಕೋನ ಗುರುತು ಹೊಂದಿಸಿ ಸುಮ್ನೆ ಇಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಕೂಲರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕೀಳಿ, ಮರೆತರೆ ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋಗುತ್ತದೆ. ಬೋರ್ಡಿನ ಕೆಳಗೆ ಅದನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್‌ಆಫ್ ಸ್ಕ್ರೂ ಹಾಕದೆ ಕ್ಯಾಬಿನೆಟ್‌ಗೆ ನೇರ ಕೂರಿಸಬೇಡಿ, ಶಾರ್ಟ್ ಆಗುತ್ತದೆ. ಹಿಂದಿನ ಐಒ ಶೀಲ್ಡ್ (ಕೇಬಲ್ ತೂತುಗಳಿರುವ ತಗಡು) ಬೋರ್ಡಿಗೇ ಅಂಟಿಕೊಂಡಿಲ್ಲದಿದ್ದರೆ ಅದನ್ನು ಮೊದಲು ಹಾಕಿ, ಮರೆತರೆ ಎಲ್ಲ ಬಿಚ್ಚಬೇಕಾಗುತ್ತದೆ. ಅದನ್ನು ಮರೆಯದವರು ನನಗೆ ಗೊತ್ತಿರುವ ಹಾಗೆ ಕಡಿಮೆ.

ಆನ್ ಆಗಲಿಲ್ಲ ಅಂದರೆ ಮೂರು ಕಡೆ ನೋಡಿ. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ ಪ್ರೊಸೆಸರ್‌ಗೆ ಬೇರೆ 8 ಪಿನ್ ಕೇಬಲ್ ಇದೆ, ಅದು ಹಾಕಿದ್ದೀರಾ? ರ್ಯಾಮ್ ಟಿಕ್ ಅನ್ನುವವರೆಗೆ ಕೂತಿದೆಯಾ? ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿದ್ದೀರಾ, ಬೋರ್ಡಿಗಾ? ಎಎಂ5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗೇ ಇರುತ್ತದೆ, ರ್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಾರ್ಟ್ ತಗೊಳ್ಳಬಹುದಾ?

ಉತ್ತರ: ಕಾರ್ಡ್ ತಗೊಳ್ಳಬಹುದು, ಓಡಿಸಿ ತೋರಿಸಿದರೆ ಮಾತ್ರ. ಒಂದು ಭಾರದ ಗೇಮ್ ಹಾಕಿ ಹದಿನೈದು ನಿಮಿಷ ಬಿಡಿ, ಚುಕ್ಕೆ ಚುಕ್ಕೆ ಬರುತ್ತದಾ, ಫ್ಯಾನ್ ಕಿರುಗುಟ್ಟುತ್ತದಾ, ಬಿಸಿ ಎಷ್ಟು ಅಂತ ನೋಡಿ. ಜಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿ. ಹಳೇ ಕಾರ್ಡಿನ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಅಂತ ಮಾರುವವರಿದ್ದಾರೆ, ಇದು ಅಂಥ ನಕಲಿಗಳನ್ನು ಬಹಳ ಸಲ ಹಿಡಿಯುತ್ತದೆ. ಕ್ರಿಪ್ಟೊ ಕರೆನ್ಸಿ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಅಂದ ತಕ್ಷಣ ಓಡಬೇಕಿಲ್ಲ. ಸವೆಯುವುದು ಹೆಚ್ಚಾಗಿ ಫ್ಯಾನ್, ಥರ್ಮಲ್ ಪ್ಯಾಡ್, ಅದನ್ನು ಬದಲಾಯಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಪ್ರೊಸೆಸರ್ ಸಾಮಾನ್ಯವಾಗಿ ಹಾಳಾಗುವ ವಸ್ತು ಅಲ್ಲ, ಎಎಂ4 ಆದರೆ ಪಿನ್ ಬಗ್ಗಿದೆಯಾ ನೋಡಿದರೆ ಸಾಕು. ಇದಕ್ಕೆ ಹೊರತಾದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು, ಐ7, ಐ9 ಥರದ್ದು. ವೋಲ್ಟೇಜ್ ಜಾಸ್ತಿಯಾಗಿ ಅವು ಅಸ್ಥಿರ ಆಗುತ್ತಿದ್ದವು, 2024ರಲ್ಲಿ ಇಂಟೆಲ್ ಬಯಾಸ್ ಮೂಲಕ ಸರಿಪಡಿಸಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅದಕ್ಕೆ ಮೊದಲೇ ಪೆಟ್ಟಾದದ್ದು ವಾಪಸ್ ಸರಿಯಾಗುವುದಿಲ್ಲ. ಅಂಥದ್ದನ್ನು ಬೇರೆಯವರ ಕೈಯಿಂದ ತಗೊಳ್ಳಬೇಡಿ. 12ನೇ ತಲೆಮಾರಿಗೆ ಈ ತೊಂದರೆ ಇಲ್ಲ.

ಪವರ್ ಸಪ್ಲೈ, ಹಾರ್ಡ್ ಡಿಸ್ಕ್ ಹಳೆಯದು ಬೇಡವೇ ಬೇಡ. ಕ್ಯಾಬಿನೆಟ್ ಮಾತ್ರ ಎಷ್ಟು ಹಳೆಯದಾದರೂ ನಡೆಯುತ್ತದೆ, ಎದುರಿಗೆ ಗಾಳಿ ಬರುವ ಜಾಲರಿ ಇರಲಿ, ಕಾರ್ಡಿನ ಉದ್ದ ಅಳೆದುಕೊಂಡು ಹೋಗಿ.